ಕನಿಷ್ಠ ಎಂಟು ಅಕ್ಷರ

ಝೆರಾಕ್ಸ್ ಅಂಗಡಿಯವಳು ನಾನು. ಭಾನುವಾರ ಮಾತ್ರ
ಆರಾಧನೆ ಮುಗಿದ ಮೇಲೆ
ಸಂಡೇಸ್ಕೂಲಿನ ಕೋಣೆಗೆ ಅಂಗಡಿ ಬರುತ್ತದೆ:
ಒಂದು ಮೇಜು, ಕೀಲು ಸಡಿಲಾದ ಲ್ಯಾಪ್‌ಟಾಪು,
ಕಿಟಕಿಯ ಸರಳಿಗೆ ರಬ್ಬರ್ ಬ್ಯಾಂಡಿನಲ್ಲಿ ಕಟ್ಟಿದ ಫೋನು.
ಬಂಗಾರಪೇಟೆಯ ಈ ಮೂಲೆಗೆ ಸಿಗ್ನಲ್ಲು ಸಿಗುವುದು
ರೈಲು ಹಳಿಯ ಕಡೆ ಮುಖ ಮಾಡಿದರೆ ಮಾತ್ರ.

ಅಯ್ಯನವರ ಆಸೆ, ಸಭೆಯ ಪ್ರತಿಯೊಬ್ಬರಿಗೂ
ಒಂದೊಂದು ಸ್ವಂತ ಜಾಲತಾಣ.
"ಒಲೆಯ ಕೆಂಡ ನಾಲ್ಕು ಮನೆಗೆ ಹೋದರೆ
ನಮ್ಮ ಒಲೆ ಆರುತ್ತದೇನಮ್ಮ?"
ಎಂದು ಪೆನ್‌ಡ್ರೈವು ಕೊಟ್ಟರು. ಅದರಲ್ಲಿ
ನೂರ ಹದಿನೆಂಟು ವಾಕ್ಯ, ಹಿಂದೆ ಸೂರ್ಯೋದಯ, ಲಿಲ್ಲಿ ಹೂ,
ನಮ್ಮ ಜಿಲ್ಲೆ ಕನಸಲ್ಲೂ ಕಾಣದಂಥ ಜಲಪಾತ.

ಮೊದಲು ಬಂದದ್ದು ಯೆಸಾಯಪ್ಪ,
ಟೊಮ್ಯಾಟೊ ಮಂಡಿಯಲ್ಲಿ ತೂಕ ಹಾಕುವವನು.
ಜಲಪಾತ ಬೇಕೆಂದ. ಹಾಕಿದೆ.
"ಈಗ ಗುಟ್ಟಿನ ಪದ ಹೇಳು ಮಾಮ, ಬಾಗಿಲಿಗೆ ಬೀಗ ಇದ್ದ ಹಾಗೆ.
ಕನಿಷ್ಠ ಎಂಟು ಅಕ್ಷರ. ಮರೆಯಬಾರದ್ದು."
ಅವನು ಹೊರಗೆ ನೋಡಿದ. ಹೆಂಡತಿ ಚಪ್ಪಲಿ ಹುಡುಕುತ್ತಿದ್ದಳು.
ಬಗ್ಗಿ ನನ್ನ ಕಿವಿಯಲ್ಲಿ ಒಂದು ತಾರೀಖು ಹೇಳಿದ,
ದಿನ, ತಿಂಗಳು, ವರ್ಷ. ಸರಿಯಾಗಿ ಎಂಟು ಅಂಕಿ.
"ಅವತ್ತಿಂದ ಮುಟ್ಟಿಲ್ಲ."
ಏನನ್ನು ಎಂದು ಕೇಳಲಿಲ್ಲ. ಅದು ಅರ್ಧ ಊರಿಗೆ ಗೊತ್ತು,
ತಾರೀಖು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಕೃಪಾವತಿ ಸಿಸ್ಟರು, ಮಿಷನ್ ಆಸ್ಪತ್ರೆಯಲ್ಲಿ
ಮೂವತ್ತೊಂದು ವರ್ಷ ರಾತ್ರಿ ಪಾಳಿ. ಲಿಲ್ಲಿ ಹೂ ಆರಿಸಿದರು.
ಅವರ ಪದ ಒಂದು ಹೆಸರು. ಇಂಗ್ಲಿಷಿನಲ್ಲಿ ಏಳೇ ಅಕ್ಷರ.
"ಇನ್ನೊಂದು ಬೇಕಲ್ಲ ಸಿಸ್ಟರ್."
"ಒಂದು ಅಂತ ಹಾಕು. ಒಂದೇ ದಿನ ಇತ್ತು."
ಅಷ್ಟರಲ್ಲಿ ರೈಲು ಬಂತು, ಮಾರಿಕುಪ್ಪಂ ಕಡೆಯದು, ಉದ್ದ.
ಪ್ರಸಂಗದ ನಡುವೆಯೂ ಅದು ಹೋಗುವ ತನಕ
ಅಯ್ಯನವರು ಸುಮ್ಮನೆ ನಿಲ್ಲುತ್ತಾರೆ.
ನಾವೂ ಸುಮ್ಮನಿದ್ದೆವು.

ಗುಡಿಸುವ ಹನ್ನಮ್ಮಜ್ಜಿ ಒಪ್ಪಲೇ ಇಲ್ಲ.
"ದೇವರ ಮಾತಿಗೆ ಬೀಗ ಯಾಕವ್ವ? ತೆಗೆದೇ ಇಡು."
"ಯಾರಾದರೂ ನುಗ್ಗಿ ಏನೇನೋ ಬರೆದುಬಿಡ್ತಾರಜ್ಜಿ."
"ಬರೀಲಿ ಬಿಡು. ನಂಗೆಲ್ಲಿ ಓದಕ್ಕೆ ಬರ್ತದೆ?"
ಕೊನೆಗೆ ತನ್ನ ಮೇಕೆಯ ಹೆಸರು ಕೊಟ್ಟಳು,
ಎಂಟು ಆಗುವಷ್ಟು ಸಲ.

ರಾತ್ರಿ ಎಲ್ಲರ ಪುಟ ತೆರೆದು ನೋಡಿದೆ.
ಅದೇ ಜಲಪಾತ, ಅದೇ ಲಿಲ್ಲಿ, ಮೇಲಿನ ಹೆಸರು ಬೇರೆ.
ನೋಡಿದವರ ಸಂಖ್ಯೆ ಎಲ್ಲ ಕಡೆ ಒಂದು. ಅದು ನಾನು.
ಬಿಲ್ಲು ಪುಸ್ತಕದ ಹಿಂಬದಿಯಲ್ಲಿ
ಮರೆತರೆ ಇರಲೆಂದು ಪೆನ್ಸಿಲ್ಲಿನಲ್ಲಿ ಬರೆದುಕೊಂಡ ಪದಗಳು ಹತ್ತೊಂಬತ್ತು.
ನನ್ನದೂ ಸೇರಿ. ಅದನ್ನು ಇಲ್ಲಿ ಹೇಳುವುದಿಲ್ಲ.
ಒಂದೊಂದಾಗಿ ಓದಿದೆ, ತುಟಿ ಅಲುಗಿಸಿ.
ಅಪ್ಪ ಹೋದ ಮೇಲೆ ಮಂಡಿಯೂರಿದವಳಲ್ಲ ನಾನು.
ಅವತ್ತೂ ಊರಲಿಲ್ಲ, ಮುಂದೆ ತಟ್ಟೆ ಇತ್ತು.
ಓದಿ ಮುಗಿಯುವಷ್ಟರಲ್ಲಿ ಸಾರು ಕೆನೆಗಟ್ಟಿತ್ತು.
ಹಾಳೆ ಹರಿದು ನೀರೊಲೆಗೆ ಹಾಕಿದೆ.

ಮೂರನೆಯ ಭಾನುವಾರ. ಎಲ್ಲರೂ ಹೋಗುವ ತನಕ
ಹಾರ್ಮೋನಿಯಂ ಪೆಟ್ಟಿಗೆಯ ಹಿಂದೆ ನಿಂತಿದ್ದ ಯೆಸಾಯಪ್ಪ.
ಅಂಗಿಯ ಮೇಲಿನ ಗುಂಡಿ ತಪ್ಪು ಕಾಜಕ್ಕೆ ಹೋಗಿತ್ತು.
"ಮರೆತೆಯಾ ಮಾಮ?"
"ಇಲ್ಲಮ್ಮ. ಬದಲಾಯಿಸಬೇಕು."
"ಏನು ಹಾಕಲಿ?"
ನೆಲ ನೋಡಿದ. "ಮೊನ್ನೆ ಶುಕ್ರವಾರ ಯಾವ ತಾರೀಖು?"

ಕ್ಯಾಲೆಂಡರು ಗೋಡೆಯ ಮೇಲೇ ಇತ್ತು. ನಾನು ಓದಿ ಹೇಳಲಿಲ್ಲ,
ಲ್ಯಾಪ್‌ಟಾಪನ್ನು ಅವನ ಕಡೆ ತಿರುಗಿಸಿದೆ.
ತೂಕದ ಕಲ್ಲು ಎತ್ತಿ ಎತ್ತಿ ದಪ್ಪವಾದ ಬೆರಳು,
ಒಂದು ಕೀಲಿಗೆ ಎರಡೆರಡು ಒತ್ತುತ್ತಿತ್ತು,
ಅಳಿಸಿದ, ಮತ್ತೆ ಒತ್ತಿದ.
ಹೊಸ ಪದವನ್ನು ಇನ್ನೊಮ್ಮೆ ಬರೆಯಿರಿ, ಎಂದಿತು ಪರದೆ.
ಇನ್ನೊಮ್ಮೆ ಬರೆದ.
ಎಂಟು ಕಪ್ಪು ಚುಕ್ಕೆ.